ಫ್ರೋಜನ್ ಕಾಲಿಫ್ಲವರ್ ರೈಸ್ ಹಾಕಿ ಚಿಕನ್ ಚೀಸ್ ಕ್ಯಾಸರೋಲ್, ನಾಲ್ಕು ಸಲ ಮಾಡಿದ್ಮೇಲೆ ಬರೀತಿರೋ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಈ ಕಾಲಿಫ್ಲವರ್ ರೈಸ್ (ಇದ್ರಲ್ಲಿ ಅಕ್ಕಿ ಇಲ್ಲ, ಅಕ್ಕಿಕಾಳಿನ ಥರ ಚೂರು ಮಾಡಿ ಫ್ರೀಜ್ ಮಾಡಿರೋ ಹೂಕೋಸು) ಪ್ಯಾಕೆಟ್ ಒಳ್ಳೇದೇ, ಆದ್ರೆ ಅದರ ಹಿಂದೆ ಬರೆದಿರೋ ಥರಾನೇ ಮಾಡಿದ್ರೆ ಕ್ಯಾಸರೋಲ್ ನೀರು ನೀರಾಗುತ್ತೆ. ನಂಗೆ ಮೊದಲ್ನೇ ಸಲ ಹಾಗೇ ಆಯ್ತು, ಅದಕ್ಕೇ ತಕ್ಷಣ ರಿವ್ಯೂ ಬರೀದೆ ನಾಲ್ಕು ಸಲ ಮಾಡಿ ನೋಡಿ ಈಗ ಬರೀತಿದೀನಿ. (ಕ್ಯಾಸರೋಲ್ ಅಂದ್ರೆ ಬಿಸಿ ಆರದ ಹಾಗೆ ಇಡೋ ಡಬ್ಬಿ ಅಲ್ಲ, ಅಗಲ ಟ್ರೇನಲ್ಲಿ ಎಲ್ಲಾ ಕಲಸಿಟ್ಟು ಓವನ್ನಲ್ಲಿ ಬೇಯಿಸ್ತಾರಲ್ಲ, ಆ ಅಡುಗೆ.)

ನಮ್ಮ ಯಜಮಾನ್ರಿಗೆ ಶುಗರ್ ಬಂದ್ಮೇಲೆ ಅವ್ರು ಬಾಯಿಬಿಟ್ಟು ಬೇಜಾರು ಮಾಡ್ಕೊಂಡಿದ್ದು ಕ್ಯಾಸರೋಲ್ ಬಿಡ್ಬೇಕಲ್ಲ ಅನ್ನೋದೊಂದಕ್ಕೇ. ಸುಸ್ತಾಗಿ ಬಂದ ದಿನ, ಮಳೆ ಹಿಡಿದ ದಿನ, ಮನೇಲಿ ಚಿಕನ್-ಬ್ರೊಕೊಲಿ-ಅನ್ನ-ಚೀಸ್ ಹಾಕಿದ ಕ್ಯಾಸರೋಲ್ ಆಗ್ಲೇಬೇಕಿತ್ತು. ಲೆಕ್ಕ ಹಾಕಿ ನೋಡ್ದಾಗ ನಂಗೇ ಗಾಬರಿ ಆಯ್ತು, ಬೆಂದ ಬಿಳಿ ಅನ್ನದಲ್ಲಿ 100 ಗ್ರಾಮಿಗೆ ಸುಮಾರು 28 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಶುಗರ್ ಏರಿಸೋ ಅಂಶ), ನಾನು ಒಂದು ಟ್ರೇಗೆ 600 ಗ್ರಾಂ ಅನ್ನ ಹಾಕ್ತಿದ್ದೆ, ಅಲ್ಲಿಗೇ 168 ಗ್ರಾಂ ಆಯ್ತು, ಮೇಲೆ ಉದುರಿಸೋ ಬ್ರೆಡ್ ಪುಡಿ ಒಂದು 100 ಗ್ರಾಂ ಅಂದ್ರೂ 70ರ ಮೇಲೆ, ವೈಟ್ ಸಾಸಿಗೆ ಹಾಕೋ ಮೈದಾ ಬೇರೆ. ಕಾಲಿಫ್ಲವರ್‌ನಲ್ಲಿ 100 ಗ್ರಾಮಿಗೆ 5 ಗ್ರಾಂ, ಅದರಲ್ಲೂ 2 ಗ್ರಾಂ ನಾರು. 750 ಗ್ರಾಂ ಹಾಕಿದ್ರೂ ನಾರು ಕಳೆದು 22-23 ಗ್ರಾಂ ಅಷ್ಟೇ, ಅದನ್ನ ಆರು ಜನಕ್ಕೆ ಹಂಚಿದ್ರೆ ತಲೆಗೆ 4 ಗ್ರಾಂ ಕೂಡ ಬರಲ್ಲ. ಈ ಲೆಕ್ಕ ನೋಡಿನೇ ನಾನು ಪ್ಯಾಕೆಟ್ ತಗೊಂಡಿದ್ದು.

ಪ್ಯಾಕೆಟ್ ಬಗ್ಗೆ ಹೇಳ್ಬೇಕಂದ್ರೆ, ಒಳಗೆ ಬರೀ ಕಾಲಿಫ್ಲವರ್, ಉಪ್ಪು ಎಣ್ಣೆ ಏನೂ ಸೇರಿಸಿಲ್ಲ, ಅದು ತುಂಬಾ ಇಷ್ಟ ಆಯ್ತು. ತುರಿಯೋ ಕೆಲಸ ಇಲ್ಲ, ಅಡುಗೆಮನೆ ತುಂಬಾ ಬಿಳಿ ಚೂರು ಹಾರಲ್ಲ. ಆದ್ರೆ ಕಾಳು ಒಂದೇ ಸಮ ಇಲ್ಲ, ಕೆಲವು ರವೆ ಥರ, ಕೆಲವು ದಂಟಿನ ದಪ್ಪ ದಪ್ಪ ಚೂರು, ಸಣ್ಣದು ಬೇಯೋಷ್ಟರಲ್ಲಿ ದಪ್ಪದು ಇನ್ನೂ ಕರುಂ ಕುರುಂ ಅಂತಿರುತ್ತೆ. ಕೊಳ್ಳೋವಾಗ ಪ್ಯಾಕೆಟ್ ಅಲ್ಲಾಡಿಸಿ ನೋಡಿ, ಕಾಳು ಬಿಡಿಬಿಡಿಯಾಗಿ ಸದ್ದು ಮಾಡ್ಬೇಕು, ಕಲ್ಲಿನ ಥರ ಒಂದೇ ಗಡ್ಡೆ ಆಗಿದ್ರೆ ಅದು ಎಲ್ಲೋ ಮಧ್ಯೆ ಕರಗಿ ಮತ್ತೆ ಹೆಪ್ಪುಗಟ್ಟಿರೋ ಸಾಧ್ಯತೆ ಜಾಸ್ತಿ, ವಾಪಸ್ ಇಟ್ಬಿಡಿ.

ಈಗ ಮುಖ್ಯ ವಿಷ್ಯ, ನೀರು. ಪ್ಯಾಕೆಟ್ ಮೇಲೆ "ಕರಗಿಸೋದು ಬೇಡ, ನೇರವಾಗಿ ಹಾಕಿ" ಅಂತಿತ್ತು, ಹಾಗೇ ಚಿಕನ್ ಸಾಸ್ ಜೊತೆ ಕಲಸಿ ಓವನ್ನಿಗಿಟ್ಟೆ. ಅರ್ಧ ಗಂಟೆ ಆದ್ಮೇಲೆ ತೆಗೆದ್ರೆ ಮೇಲೆ ಚೀಸ್ ಚೆನ್ನಾಗಿ ಕೆಂಪಾಗಿದೆ, ಚಮಚ ಹಾಕಿದ್ರೆ ಕೆಳಗೆ ಸೂಪು. ಯಜಮಾನ್ರು ಏನೂ ಅನ್ನದೆ ತಿಂದ್ರು, ಅದು ನಂಗೆ ಇನ್ನೂ ಬೇಜಾರಾಯ್ತು. ಕಾಲಿಫ್ಲವರ್‌ನಲ್ಲಿ 92 ಭಾಗ ನೀರೇ ಇರೋದು, ಮೇಲಾಗಿ ಫ್ರೀಜ್ ಮಾಡ್ದಾಗ ಒಳಗಿನ ನೀರು ಐಸ್ ಹರಳಾಗಿ ಜೀವಕೋಶದ ಗೋಡೇನ ಹರಿದು ಹಾಕುತ್ತೆ, ಬಿಸಿ ತಾಕಿದ ತಕ್ಷಣ ಎಲ್ಲಾ ಹೊರಗೆ ಬರುತ್ತೆ. ಅನ್ನ ಆದ್ರೆ ಸಾಸನ್ನ ಹೀರ್ಕೊಳುತ್ತೆ, ಇದು ಸಾಸಿಗೇ ನೀರು ಬಿಡುತ್ತೆ, ಪೂರ್ತಿ ಉಲ್ಟಾ. ಅನ್ನದ ರೆಸಿಪಿಲಿ ಅನ್ನ ತೆಗೆದು ಇದನ್ನ ಹಾಕಿದ್ರೆ ಆಗಲ್ಲ ಅನ್ನೋದು ಇದಕ್ಕೇ.

ಎರಡನೇ ಸಲ ಕರಗಿಸಿ, ತೆಳು ಬಟ್ಟೇಲಿ ಕಟ್ಟಿ ಹಿಂಡಿದೆ, ಒಂದು ಲೋಟದ ತುಂಬಾ ನೀರು ಬಂತು! ಪರವಾಗಿಲ್ಲ ಅನ್ನೋ ಹಾಗಾಯ್ತು, ಆದ್ರೆ ರುಚಿ ಸಪ್ಪೆ. ಮೂರನೇ ಸಲ ಹಿಂಡಿದ ಮೇಲೆ ಅಗಲ ಬಾಣಲೇಲಿ ಒಂದು ಹನಿ ಎಣ್ಣೆ ಹಾಕದೆ ಜೋರು ಉರೀಲಿ ಹುರಿದೆ, ಮೊದಲು ಹಬೆ ಬರುತ್ತೆ, ಆಮೇಲೆ ಹಬೆ ನಿಲ್ಲುತ್ತೆ, ಅಲ್ಲಲ್ಲಿ ಕಂದು ಚುಕ್ಕೆ ಕಾಣ್ಸುತ್ತೆ, ಹುರಿದ ಕಾಳಿನ ವಾಸನೆ ಬರುತ್ತೆ, ಅಲ್ಲಿಗೆ ಸಾಕು. ನಂಗೆ ಹತ್ತು ಹನ್ನೆರಡು ನಿಮಿಷ ಹಿಡೀತು. ಮುಚ್ಚಳ ಮಾತ್ರ ಮುಚ್ಲೇಬೇಡಿ, ಮುಚ್ಚಿದ್ರೆ ಹಬೇಲಿ ಬೆಂದು ಗಂಧಕದ ಆ ಕೆಟ್ಟ ವಾಸನೆ ಎದ್ದು ಮನೆಯೆಲ್ಲಾ ತುಂಬುತ್ತೆ. ಉಪ್ಪು ಕೂಡ ಹುರಿದಾದ್ಮೇಲೇ ಹಾಕಿ. ಈ ಒಂದು ಹೆಜ್ಜೆಯಿಂದ ಇಡೀ ಅಡುಗೆ ಬದಲಾಯ್ತು, ನಿಜವಾಗ್ಲೂ.

ಸಾಸಿಗೆ ಮೈದಾ ಇಲ್ಲದೆ ಗಟ್ಟಿತನ ಎಲ್ಲಿಂದ ತರೋದು ಅನ್ನೋದು ನನ್ನ ಇನ್ನೊಂದು ಚಿಂತೆ ಆಗಿತ್ತು. 200 ಗ್ರಾಂ ಕ್ರೀಮ್ ಚೀಸ್, ಅರ್ಧ ಕಪ್ ಗಟ್ಟಿ ಕ್ರೀಮ್, ಸ್ವಲ್ಪ ಚಿಕನ್ ಬೇಯಿಸಿದ ನೀರು, ಬೆಳ್ಳುಳ್ಳಿ, ಸಾಸಿವೆ ಪೇಸ್ಟ್ ಒಂದು ಚಮಚ, ಸಣ್ಣ ಉರೀಲಿ ಕರಗಿಸಿ ಒಲೆ ಆರಿಸಿದ ಮೇಲೆ ತುರಿದ ಚೆಡ್ಡರ್ ಸ್ವಲ್ಪ ಸ್ವಲ್ಪವೇ ಹಾಕ್ಕೊಂಡು ಕಲಸ್ಬೇಕು. ಕುದೀತಿರೋವಾಗ ಹಾಕಿದ್ರೆ ಚೀಸಿನ ಪ್ರೋಟೀನ್ ಗಂಟಾಗಿ ಜಿಡ್ಡು ಬೇರೆ ಆಗಿ ಒಡೆದುಹೋಗುತ್ತೆ. ಚೀಸ್ ನೀವೇ ತುರೀರಿ, ತುರಿದಿರೋ ಪ್ಯಾಕೆಟ್‌ಗಳಲ್ಲಿ ಅಂಟ್ಕೋಬಾರ್ದು ಅಂತ ಸಾಮಾನ್ಯವಾಗಿ ಪಿಷ್ಟನೋ ಸೆಲ್ಯುಲೋಸೋ ಸೇರಿಸಿರ್ತಾರೆ, ಸಾಸ್ ನುಣ್ಣಗೆ ಬರಲ್ಲ. ಇನ್ನೂ ತೆಳು ಅನ್ಸಿದ್ರೆ ಕ್ಸಾಂಥನ್ ಗಮ್ ಕಾಲು ಚಮಚ ಸಾಕು, ಜಾಸ್ತಿ ಆದ್ರೆ ಲೋಳೆ ಆಗುತ್ತೆ. ಗಮ್ ಅಂತ ಹೆಸರು ಕೇಳಿ ಹೆದರ್ಬೇಡಿ, ಬ್ಯಾಕ್ಟೀರಿಯಾದಿಂದ ಹುದುಗಿಸಿ ಮಾಡೋ ನಾರು ಅದು, ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1969ರಲ್ಲೇ ಒಪ್ಪಿಗೆ ಕೊಟ್ಟಿದೆ.

ಮೇಲಿನ ಗರಿಗರಿ ಪದರಕ್ಕೆ ಬ್ರೆಡ್ ಪುಡಿ ಬದಲು ಬಾದಾಮಿ ಹಿಟ್ಟು, ಪಾರ್ಮೆಸಾನ್ ತುರಿ, ಕರಗಿಸಿದ ಬೆಣ್ಣೆ. ಬಾದಾಮಿ ಬೇಗ ಸೀಯುತ್ತೆ, ಅದಕ್ಕೆ 200 ಡಿಗ್ರೀಲಿ ಮೊದಲು 15 ನಿಮಿಷ ಹಾಗೇ ಬೇಯಿಸಿ, ಆಮೇಲೆ ಇದನ್ನ ಉದುರಿಸಿ ಇನ್ನು 8-10 ನಿಮಿಷ. ತೆಗೆದ ತಕ್ಷಣ ಬಡಿಸ್ಬೇಡಿ, ಹತ್ತು ನಿಮಿಷ ಬಿಟ್ರೆ ಸಾಸ್ ಹಿಡ್ಕೊಳುತ್ತೆ.

ರುಚಿ ಅನ್ನದ ಥರಾನೇ ಇರುತ್ತೆ ಅಂತ ನಾನು ಹೇಳಲ್ಲ, ಇರಲ್ಲ. ಅನ್ನದ ಆ ಮೆತ್ತನೆ ಹೊಟ್ಟೆ ತುಂಬಿಸೋ ಗುಣ ಇದಕ್ಕಿಲ್ಲ. ಆದ್ರೆ ಕ್ಯಾಸರೋಲಲ್ಲಿ ನಾವು ಇಷ್ಟಪಡೋದು ಅಂಚಲ್ಲಿ ಕಂದಾಗಿರೋ ಚೀಸು, ಒಳಗಿನ ಬಿಸಿ ಬಿಸಿ ಕೆನೆ, ಅದೆರಡೂ ಇದ್ರಲ್ಲಿ ಪೂರ್ತಿ ಸಿಕ್ತು. ನಾಲ್ಕನೇ ಸಲ ಮಾಡ್ದಾಗ ಮಗ "ಅಮ್ಮಾ, ಮೂಲೆ ಪೀಸ್ ನಂಗೆ" ಅಂದ, ಹಳೇ ಕ್ಯಾಸರೋಲಿಗೂ ಅವ್ನು ಹಾಗೇ ಅಂತಿದ್ದ.

ಒಂದೆರಡು ಎಚ್ಚರಿಕೆ. ಗ್ಲುಟನ್ (ಗೋಧಿಯಂಥ ಧಾನ್ಯದಲ್ಲಿರೋ ಪ್ರೋಟೀನ್) ಫ್ರೀ ಅಂತ ಬರೆದಿದ್ರೆ ಧಾನ್ಯ ಇಲ್ಲ ಅಂತ ಅರ್ಥ ಅಲ್ಲ, ಅಕ್ಕಿ ಜೋಳ ಎರಡೂ ಗ್ಲುಟನ್ ಇಲ್ಲದ ಧಾನ್ಯಗಳೇ, ಆದ್ರೆ ಕಾರ್ಬ್ ಇದ್ದೇ ಇರುತ್ತೆ, ಹಾಗಾಗಿ ಸಾಸ್, ಸ್ಟಾಕ್ ಕ್ಯೂಬ್ ಎಲ್ಲದರ ಲೇಬಲ್ ಓದಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳೋರು ಕಾರ್ಬ್ ಒಮ್ಮೆಲೇ ಇಳಿಸೋ ಮುಂಚೆ ಡಾಕ್ಟ್ರನ್ನ ಕೇಳ್ಲೇಬೇಕು, ಹಳೇ ಡೋಸೇ ಮುಂದುವರಿಸಿದ್ರೆ ಶುಗರ್ ತೀರಾ ಕೆಳಗೆ ಇಳಿಯೋ ಅಪಾಯ ಇದೆ. ಕೊಬ್ಬು ಕೂಡ ಕಮ್ಮಿ ಏನಿಲ್ಲ ಇದ್ರಲ್ಲಿ, ನಾವು ವಾರಕ್ಕೊಂದೇ ಸಲ ಮಾಡೋದು.

ಐದಕ್ಕೆ ನಾಲ್ಕು ಸ್ಟಾರ್. ಕಮ್ಮಿ ಮಾಡಿದ ಒಂದು ಸ್ಟಾರ್ ಪ್ಯಾಕೆಟ್ ಹಿಂದಿನ ಆ ಸೂಚನೆಗೆ. ತಯಾರಿಸೋರು ಇದನ್ನ ಓದ್ತಿದ್ರೆ ದಯವಿಟ್ಟು "ಹಿಂಡಿ, ಹುರಿದು ಆಮೇಲೆ ಹಾಕಿ" ಅಂತ ಬದಲಾಯಿಸಿ, ಹಾಗೇ ಆ ಚೀಲಕ್ಕೆ ಮತ್ತೆ ಮುಚ್ಚೋ ಜಿಪ್ ಒಂದು ಕೊಡಿ. ಉಳಿದ ಕ್ಯಾಸರೋಲ್ ಮಾರನೇ ದಿನ ಮೈಕ್ರೋವೇವಲ್ಲಿ ಬಿಸಿ ಮಾಡ್ಬೇಡಿ, ಮೇಲಿನ ಪದರ ಮೆತ್ತಗಾಗುತ್ತೆ, ಓವನ್ನಲ್ಲೇ ಹದಿನೈದು ನಿಮಿಷ ಇಡಿ.