‘ಸ್ವರ್ವ್’ ಹುಡುಕುತ್ತಾ ನೋಡಿದ ಆಕ್ಸ್‌ಫರ್ಡ್ ಡಿಕ್ಷನರಿ

ಹೈಸ್ಕೂಲಿಗೆ ಹೋಗುವ ಮಕ್ಕಳಿಗೆ ಯಾವ ಇಂಗ್ಲಿಷ್ ಡಿಕ್ಷನರಿ ಕೊಡಿಸಬೇಕು ಅಂತ ಪಾಲಕರು ಕೇಳುತ್ತಲೇ ಇರುತ್ತಾರೆ. ನಾನು ಕುಮಟಾ–ಶಿರಸಿ ರಸ್ತೆ ಬದಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನ್ನ ಉತ್ತರ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ. ದಪ್ಪ ಪುಸ್ತಕ, ದುಬಾರಿಯೂ ಹೌದು. ಆದರೂ ಯಾಕೆ ಅದೇ ಅನ್ನುವುದನ್ನು ಒಂದೇ ಶಬ್ದ ಇಟ್ಟುಕೊಂಡು ಹೇಳುತ್ತೇನೆ. ಸ್ವರ್ವ್ (swerve).

ಈ ಶಬ್ದ ಪಾಠದಲ್ಲಿ ಬಂದಾಗ ಒಬ್ಬ ಹುಡುಗ ತನ್ನ ಹತ್ತಿರ ಇದ್ದ ಚಿಕ್ಕ ಇಂಗ್ಲಿಷ್–ಕನ್ನಡ ನಿಘಂಟು ತೆಗೆದು ನೋಡಿದ. ‘ತಿರುಗು, ಹೊರಳು, ದಾರಿ ಬಿಡು’ ಅಂತಿತ್ತು. ಅಷ್ಟೇ. ಅವನು ಬರೆದ ವಾಕ್ಯ: ‘ದ ಹೆಡ್‌ಮಾಸ್ಟರ್ ಸ್ವರ್ವ್ಡ್ ಅಂಡ್ ಲುಕ್ಡ್ ಅಟ್ ಮಿ.’ ಹೆಡ್‌ಮಾಸ್ತರ್ರು ತಿರುಗಿ ನೋಡಿದರು ಅನ್ನುವುದು ಅವನ ಮನಸ್ಸಿನಲ್ಲಿದ್ದದ್ದು. ಪಕ್ಕದ ಬೆಂಚಿನ ಹುಡುಗಿ ನಮ್ಮ ದೇವಿಮನೆ ಘಟ್ಟದ ತಿರುವಿನ ಬಗ್ಗೆ ‘ದ ರೋಡ್ ಸ್ವರ್ವ್ಸ್ ಅಟ್ ದೇವಿಮನೆ’ ಅಂತ ಬರೆದಳು. ಮಕ್ಕಳನ್ನು ಬೈಯುವ ಹಾಗಿಲ್ಲ. ಆ ನಿಘಂಟು ಅರ್ಥ ಹೇಳಿತ್ತು, ಎಲ್ಲಿ ಬಳಸಬೇಕು ಅನ್ನುವುದನ್ನು ಹೇಳಿರಲಿಲ್ಲ.

ಅದೇ ಶಬ್ದವನ್ನು ಆಕ್ಸ್‌ಫರ್ಡಿನಲ್ಲಿ ತೆರೆದು ನೋಡಿ. ಮುಖ್ಯವಾಗಿ ವಾಹನದ ಬಗ್ಗೆ ಹೇಳುವ ಮಾತು ಅಂತ ಮೊದಲೇ ತಿಳಿಸುತ್ತದೆ. ದಿಕ್ಕು ಬದಲಾಗುವುದು ಒಮ್ಮೆಲೇ. ಅದೂ ಹೆಚ್ಚಾಗಿ ಯಾವುದಕ್ಕೋ ಬಡಿಯುವುದನ್ನು ತಪ್ಪಿಸಲು. ಈ ವಿವರಣೆಯೆಲ್ಲ ಸರಳ ಇಂಗ್ಲಿಷಿನಲ್ಲಿದೆ, ಒಂಬತ್ತನೇ ಕ್ಲಾಸಿನ ಮಗು ಓದಿಕೊಳ್ಳಬಹುದು. ಅಕರ್ಮಕ ಕ್ರಿಯಾಪದ ಅನ್ನುವ ಗುರುತೂ ಇದೆ. ಅಂದರೆ ‘ದ ಬಸ್ ಸ್ವರ್ವ್ಡ್’ ಅಂದರೆ ಸಾಕು, ಮುಂದೆ ಕರ್ಮ ಬೇಕಿಲ್ಲ.

ಇಷ್ಟು ಓದಿದ ಮೇಲೆ ಕ್ಲಾಸಿನಲ್ಲಿ ಮಾತು ತಾನಾಗಿ ಶುರುವಾಯಿತು. ಮಳೆಗಾಲದಲ್ಲಿ ಹೆದ್ದಾರಿಯ ಮೇಲೆ ದನ ಮಲಗಿರುತ್ತವಲ್ಲ, ರಾತ್ರಿ ಹತ್ತಿರ ಬಂದ ಮೇಲೇ ಕಾಣುವುದು. ಡ್ರೈವರ್ ಗಕ್ಕನೆ ಸ್ಟೇರಿಂಗ್ ಎಳೆಯುತ್ತಾನೆ. ‘ಅಕ್ಕೋರೆ, ಅದೇ ಸ್ವರ್ವ್ ಅಲ್ವಾ?’ ಅಂತ ಆ ಹುಡುಗನೇ ಕೇಳಿದ. ಅದೇ! ಬಸ್ಸು ದನವನ್ನು ತಪ್ಪಿಸಿತು ಅನ್ನಲು ಮುಂದೆ ‘ಟು ಅವಾಯ್ಡ್’ ಸೇರಿಸಬೇಕು. ಎದುರಿನ ಲಾರಿ ನಮ್ಮ ಬದಿಗೆ ನುಗ್ಗಿ ಬಂತು ಅನ್ನಲು ‘ಇಂಟು’, ರಸ್ತೆ ಬಿಟ್ಟು ಹೋಯಿತು ಅನ್ನಲು ‘ಆಫ್’. ಈ ಸಣ್ಣ ಶಬ್ದಗಳಲ್ಲೇ ನಮ್ಮ ಮಕ್ಕಳು ಎಡವುವುದು. ಉದಾಹರಣೆ ವಾಕ್ಯ ಕೊಡದ ಡಿಕ್ಷನರಿಯಿಂದ ಇದು ಬರುವುದಿಲ್ಲ.

ದೇವಿಮನೆ ಘಟ್ಟದ ರಸ್ತೆಗೆ ಬರೋಣ. ರಸ್ತೆ ಇದ್ದಲ್ಲೇ ಇರುತ್ತದೆ, ಅದು ಯಾವುದನ್ನೂ ತಪ್ಪಿಸಿಕೊಳ್ಳುತ್ತಿಲ್ಲ. ಅಲ್ಲಿಗೆ ‘ಕರ್ವ್’ ಅಥವಾ ‘ಬೆಂಡ್’ ಸರಿ. ತಿರುವಿನಲ್ಲಿ ನಿಧಾನವಾಗಿ ತಿರುಗುವ ಬಸ್ಸೂ ಸ್ವರ್ವ್ ಆಗುತ್ತಿಲ್ಲ, ಸುಮ್ನೆ ‘ಟರ್ನ್’ ಆಗುತ್ತಿದೆ. ದಿಕ್ಕು ಬದಲಿಸುವುದಕ್ಕೆ ‘ವೀರ್’ (veer) ಅನ್ನುವ ಮತ್ತೊಂದು ಶಬ್ದ ಇದೆ. ಅದು ನಿಧಾನಕ್ಕೂ ಆಗಬಹುದು. ಗಾಳಿಗೂ ಬಳಸುತ್ತಾರೆ, ಮಾತು ಬೇರೆ ವಿಷಯಕ್ಕೆ ಹೊರಳಿದರೂ ಬಳಸುತ್ತಾರೆ. ಹೊಳೆ ಬಳುಕುತ್ತಾ ಹರಿದರೆ ‘ಮಿಯಾಂಡರ್’. ಇದು ಮೂಲದಲ್ಲಿ ಟರ್ಕಿಯ ಒಂದು ನದಿಯ ಹೆಸರು. ನಾನು ಇಷ್ಟೂ ಪುಟ ತೆರೆಸಿ, ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಸುತ್ತೇನೆ. ಸಮಯ ಹಿಡಿಯುತ್ತದೆ, ಆದರೆ ಆಮೇಲೆ ಮಕ್ಕಳು ಮರೆಯುವುದಿಲ್ಲ.

ಕ್ರಿಕೆಟ್ ಹುಚ್ಚಿನ ಹುಡುಗರು ಬಾಲಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಗಾಳಿಯಲ್ಲಿ ಬಾಗುವ ಕ್ರಿಕೆಟ್ ಬಾಲಿಗೆ ‘ಸ್ವಿಂಗ್’ ಅನ್ನುವುದು ರೂಢಿ. ಫುಟ್‌ಬಾಲ್ ಬಾಗಿ ಗೋಲಿನೊಳಗೆ ಹೋದರೆ ಸ್ವರ್ವ್ ಅನ್ನಬಹುದು. ಅಲ್ಲಿ ‘ತಪ್ಪಿಸಲು’ ಅನ್ನುವ ಅರ್ಥ ಇರುವುದಿಲ್ಲ, ಬಾಗಿದ ಚಲನೆ ಮಾತ್ರ. ಹಿಡಿದ ನಿಲುವನ್ನು ಬಿಡಲಿಲ್ಲ ಅನ್ನುವುದಕ್ಕೂ ಈ ಶಬ್ದ ಉಂಟು, ‘ನೆವರ್ ಸ್ವರ್ವ್ಡ್ ಫ್ರಮ್’ ಅಂತ. ಭಾಷಣ, ಪ್ರಬಂಧಕ್ಕೆ ಅದು ಒಪ್ಪುತ್ತದೆ.

ಈ ಪುಸ್ತಕ ಕಲಿಯುವವರ ಕಷ್ಟ ಇಷ್ಟು ಚೆನ್ನಾಗಿ ತಿಳಿದುಕೊಂಡಿರುವುದಕ್ಕೆ ಕಾರಣ ಇದೆ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಇಬ್ಬರು ಜೊತೆಗಾರರನ್ನು ಸೇರಿಸಿಕೊಂಡು, ಅಲ್ಲಿನ ವಿದ್ಯಾರ್ಥಿಗಳಿಗಾಗಿ ಇದನ್ನು ಸಿದ್ಧಮಾಡಿದರು. 1942ರಲ್ಲಿ ಅಲ್ಲೇ ಮೊದಲು ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಹತ್ತನೇ ಆವೃತ್ತಿ ಬಂದದ್ದು 2020ರಲ್ಲಿ. ಮನೆಯಲ್ಲಿ ಹವ್ಯಕ ಕನ್ನಡ, ಕೊಂಕಣಿ ಆಡಿಕೊಂಡು ಶಾಲೆಗೆ ಬರುವ ನಮ್ಮ ಮಕ್ಕಳೂ ಆ ಜಪಾನಿ ಮಕ್ಕಳ ಜಾಗದಲ್ಲೇ ಇದ್ದಾರೆ.

ತೊಂದರೆಗಳೂ ಇವೆ. ಕನ್ನಡ ಒಂದಕ್ಷರ ಇಲ್ಲ. ಏಳನೇ ಕ್ಲಾಸಿನೊಳಗಿನ ಮಕ್ಕಳಿಗೆ ಕೊಟ್ಟರೆ ಹೆದರಿ ಮುಚ್ಚಿಡುತ್ತಾರೆ. ಅಕ್ಷರ ಸಣ್ಣ, ಹಾಳೆ ತೆಳು, ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದೂವರೆ ಸಾವಿರಕ್ಕೂ ಜಾಸ್ತಿ ಪುಟ ಇರುವುದನ್ನು ಪಾಟಿಚೀಲದಲ್ಲಿ ಹೊತ್ತು ಘಟ್ಟ ಹತ್ತಿಸಲು ಆಗದು, ಮನೆಯಲ್ಲೇ ಇಡಬೇಕು. ಪುಸ್ತಕದಲ್ಲಿ ಉಚ್ಚಾರಕ್ಕೆ ಕೊಟ್ಟ ಚಿಹ್ನೆಗಳು ಮೊದಲಿಗೆ ಯಾರಿಗೂ ತಿಳಿಯುವುದಿಲ್ಲ. ಮಕ್ಕಳು ಸ್ವರ್ವ್ ಅನ್ನುವುದನ್ನು ‘ಸರ್ವ್’ ಅಂತ ಓದಿಬಿಡುತ್ತಾರೆ, ಅರ್ಥವೇ ಬೇರೆಯಾಗುತ್ತದೆ. ಇದಕ್ಕೆ ಪರಿಹಾರ ಇದೇ ಡಿಕ್ಷನರಿಯ ಆನ್‌ಲೈನ್ ರೂಪ. ದುಡ್ಡಿಲ್ಲದೆ ನೋಡಬಹುದು, ಬ್ರಿಟಿಷ್ ಮತ್ತು ಅಮೆರಿಕನ್ ಎರಡೂ ಉಚ್ಚಾರ ಕೇಳಬಹುದು. ಬ್ರಿಟಿಷ್ ದನಿಯಲ್ಲಿ ನಡುವಿನ ‘ರ್’ ಕೇಳುವುದೇ ಇಲ್ಲ, ಅಮೆರಿಕನ್ ದನಿಯಲ್ಲಿ ಸ್ಪಷ್ಟ.

ಎಂಟನೇ ಕ್ಲಾಸಿನಿಂದ ಮೇಲಿನವರಿಗೆ, ಡಿಗ್ರಿ ಓದುವವರಿಗೆ, ಇಂಗ್ಲಿಷ್ ಕಲಿಸುವವರಿಗೆ ಧೈರ್ಯವಾಗಿ ಕೊಡಿಸಿ. ಹಳೇ ಆವೃತ್ತಿ ಕಡಿಮೆ ಬೆಲೆಗೆ ಸಿಕ್ಕರೆ ಅದೂ ಆದೀತು, ಸ್ವರ್ವ್‌ನಂಥ ಶಬ್ದಗಳು ಬದಲಾಗಿಲ್ಲ. ಮನೆಯಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುವವರು ಮೊದಲು ಆನ್‌ಲೈನ್‌ನಲ್ಲಿ ನೋಡಿ. ಗುಡ್ಡದ ಮರೆಯ ಮನೆಗಳವರು ಪುಸ್ತಕವನ್ನೇ ತೆಗೆದುಕೊಳ್ಳಿ.