ಚಾಕುವಿನ ಹಿಡಿಗೆ ಯಾವ ಮರ? ನಾಲ್ಕನ್ನು ಹಾಕಿ ನೋಡಿದೆ

ಅಲಗು ಗಟ್ಟಿಯಿದ್ದೂ ಹಿಡಿ ಮುರಿದು ಮೂಲೆ ಸೇರಿದ್ದ ನಾಲ್ಕು ಚಾಕು ಅಮ್ಮನ ಅಡುಗೆಮನೆಯಲ್ಲಿದ್ದವು. ಎಸೆಯಲು ಮನಸ್ಸಾಗಲಿಲ್ಲ. ಮೂಡಿಗೆರೆ ಕಡೆಯ ತೋಟದಲ್ಲಿ ಕೂತು ಮರಕ್ಕೆ ದುಡ್ಡು ಕೊಡುವುದೂ ಸರಿಯೆನಿಸಲಿಲ್ಲ. ಒಂದೊಂದಕ್ಕೆ ಒಂದೊಂದು ಮರ ಹಾಕಿದೆ. ಆಮೇಲೆ ಎರಡು ಮಳೆಗಾಲ ಕಳೆದಿವೆ.

ಸಿಲ್ವರ್ ಓಕ್ ಮರಗಸಿಯಲ್ಲಿ, ಅಂದರೆ ಕಾಫಿ ತೋಟದ ನೆರಳು ಮರಗಳ ಕೊಂಬೆ ಸವರುವಾಗ, ಬೇಕಾದಷ್ಟು ಸಿಗುತ್ತದೆ. ಉಜ್ಜಿದರೆ ಮೈಮೇಲೆ ಬೆಳ್ಳಿ ಚುಕ್ಕೆಯಂಥ ಹೊಳಪು, ನೋಡಲು ನಾಲ್ಕರಲ್ಲೂ ಇದೇ ಚೆಂದ. ಆದರೆ ಮೆದು. ಮೊದಲ ಮಳೆಗೇ ಉಬ್ಬಿತು, ಬೇಸಿಗೆಯಲ್ಲಿ ಸಡಿಲವಾಗಿ ಅಲಗು ಅಲುಗಾಡತೊಡಗಿತು. ಇದರ ಹುಡಿ ಕೆಲವರ ಮೈಗೆ ಆಗುವುದಿಲ್ಲ, ನನ್ನ ಮುಂಗೈ ಎರಡು ದಿನ ತುರಿಸಿತು.

ನಾನು ಒಲಿದದ್ದು ಕಾಫಿ ಗಿಡದ ಬೊಡ್ಡೆಗೆ. ಮರುನಾಟಿಗೆ ಕಿತ್ತ ಹಳೇ ರೋಬಸ್ಟಾ ಬೊಡ್ಡೆ ಸೌದೆ ರಾಶಿಯಲ್ಲೇ ಇತ್ತು. ತಿಳಿ ಹಳದಿ ಬಣ್ಣ, ಒತ್ತಾದ ಎಳೆ. ನುಣ್ಣಗೆ ಉಜ್ಜಿದ ಮೇಲೆ ಕೈಗೆ ದಂತ ಮುಟ್ಟಿದಂತೆ ಇರುತ್ತದೆ. ಇದರ ಕಷ್ಟವೆಲ್ಲ ಒಣಗುವುದರಲ್ಲಿದೆ. ಮೊದಲ ಎರಡು ತುಂಡು ಬಿಸಿಲಿಗಿಟ್ಟು ಕೆಡಿಸಿದೆ, ನಡುವಿನಿಂದ ಸಿಪ್ಪೆಯವರೆಗೆ ಸೀಳು. ಮೂರನೆಯದಕ್ಕೆ ಎರಡೂ ತುದಿಗೆ ಮೇಣ ಸವರಿ ಅಟ್ಟದ ನೆರಳಲ್ಲಿ ಎಂಟು ತಿಂಗಳು ಬಿಟ್ಟೆ. ಒಂದು ಕೂದಲೆಳೆ ಬಿರುಕೂ ಬರಲಿಲ್ಲ. ಅರೇಬಿಕಾ ಬೊಡ್ಡೆಯಾದರೆ ಸಿಪ್ಪೆಯ ಮೇಲೆ ಉಬ್ಬಿದ ಗೆರೆಗಳಿವೆಯೇ ನೋಡಿ. ಇದ್ದರೆ ಒಳಗೆ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳು ಇರುತ್ತದೆ. ಅಂಥದ್ದನ್ನು ಮನೆಗೆ ತರದೆ ಸುಟ್ಟುಬಿಡಿ.

ಹುಣಸೆ ನಮ್ಮಲ್ಲಿ ಕಡಿಮೆ. ಕಡೂರಿನ ನೆಂಟರ ಮನೆಯಿಂದ ಒಂದು ಕೊಂಬೆ ತಂದೆ. ಮಾಂಸದಂಗಡಿಯ ಕೊರಡಿಗೆ ಹುಣಸೆಯನ್ನೇ ಯಾಕೆ ಇಡುತ್ತಾರೆ ಅಂತ ಗರಗಸ ಹಿಡಿದಾಗ ಗೊತ್ತಾಯಿತು. ಎಳೆಗಳು ಹೆಣೆದುಕೊಂಡಿರುತ್ತವೆ, ಪೆಟ್ಟಿಗೆ ಸೀಳುವುದಿಲ್ಲ. ಭಾರ ಜಾಸ್ತಿ, ತರಕಾರಿ ಚಾಕುವಿಗೆ ಹಿಡಿಯೇ ಹೆಚ್ಚಾಯಿತು.

ನಾಲ್ಕನೆಯದು ತಾಳೆ ಜಾತಿಯ ಬಗನಿ. ಅದರ ಕಪ್ಪು ಎಳೆಗಳು ಬಹಳ ಚೆಂದ, ಆದರೆ ಕೈಗೆ ಸಿಬಿರು ಏಳುತ್ತದೆ. ಅಷ್ಟೇ.

ಬೀಟೆ ಬೇಕೆನ್ನುವವರು ಹಳೇ ಮಂಚದ ಮುರಿದ ಕಾಲು ಹುಡುಕಿ. ಮರವನ್ನು ಅನುಮತಿಯಿಲ್ಲದೆ ಸ್ವಂತ ತೋಟದಲ್ಲೂ ಕಡಿಯುವಂತಿಲ್ಲ. ಜಿಂಕೆ ಕೊಂಬಿನ ಆಸೆ ಬೇಡವೇ ಬೇಡ. ತಾನಾಗಿ ಉದುರಿದ್ದಾದರೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಸಿಕ್ಕಿಬೀಳುತ್ತೀರಿ.

ಕೂರಿಸುವಾಗ ತೂತನ್ನು ಸ್ವಲ್ಪ ಚಿಕ್ಕದಾಗಿ ಕೊರೆದು, ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಒಳಗೆ ಹೋಗುವ ಬಾಲವನ್ನಷ್ಟೇ ಕೆಂಪಗೆ ಕಾಸಿ ಒತ್ತಿ. ಬಟ್ಟೆ ಒಣಗಲು ಬಿಟ್ಟರೆ ಅಲಗಿನ ಹದ ಹೋಗುತ್ತದೆ. ಕೊನೆಗೆ ಅಗಸೆ ಎಣ್ಣೆ ಹಚ್ಚಿ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಕಮಟು ವಾಸನೆ ಬರುತ್ತದೆ.

ಅಮ್ಮ ದಿನಾ ಕೈಗೆತ್ತಿಕೊಳ್ಳುವುದು ಕಾಫಿ ಹಿಡಿಯ ಚಾಕುವನ್ನೇ. ಹುಣಸೆ ಹಿಡಿಯನ್ನು ಬಿಡಿಸಿ ಹಲಸಿನಕಾಯಿ ಕೊಚ್ಚುವ ಕತ್ತಿಗೆ ಹಾಕಿದ್ದೇನೆ. ಅಲ್ಲಿ ಅದರ ಭಾರವೇ ಕೆಲಸಕ್ಕೆ ಬರುತ್ತಿದೆ.