ಹೊಲಿಗೆ ಮಷಿನ್ ಕೊಳ್ಳುವಾಗ ಹೆಡ್‌ಗಿಂತ ಮೊದಲು ಪೆಡಲ್ ನೋಡಿ

ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿರುವ ಕಪ್ಪು ಹೊಲಿಗೆ ಮಷಿನ್‌ಗಳಲ್ಲಿ ಹೆಸರು ಬೇರೆ ಬೇರೆ ಇದ್ದರೂ ಹೆಡ್, ಅಂದರೆ ಟೇಬಲ್ ಮೇಲಿನ ಹೊಲಿಯುವ ಭಾಗ, ಬಹುತೇಕ ಒಂದೇ ತರಹದ್ದು. ಸಿಂಗರ್‌ನ ಹಳೆಯ 15ನೇ ಕ್ಲಾಸ್ ವಿನ್ಯಾಸ, ನೇರ ಹೊಲಿಗೆ ಮಾತ್ರ, ಕೆಳದಾರದ ಉರುಳೆ ಕೂರುವ ಬಾಬಿನ್ ಕೇಸ್ ಎಡಬದಿಯಲ್ಲಿ. ಪಿಕೊ ಬೇಕೆನ್ನುವವರು ಜಿಗ್‌ಜಾಗ್ ಮಷಿನ್ ನೋಡಬೇಕು, ಇದರಲ್ಲಿ ಆಗದು. ರವಿಕೆ, ಲಂಗ, ಚೂಡಿದಾರ್‌ಗೆ ಇದು ಧಾರಾಳ ಸಾಕು. ಹೆಡ್, ಟೇಬಲ್, ಸ್ಟ್ಯಾಂಡ್ ಬಿಡಿಬಿಡಿಯಾಗಿಯೂ ಸಿಗುತ್ತವೆ. ಗಿರಾಕಿಗಳು ಹೆಡ್ ಆರಿಸುವುದರಲ್ಲೇ ಅರ್ಧ ದಿನ ಕಳೆದು, ಪೆಡಲ್ ಇರುವ ಸ್ಟ್ಯಾಂಡ್ ಮಾತ್ರ ಅಂಗಡಿಯವರು ಕೊಟ್ಟದ್ದನ್ನೇ ಒಯ್ಯುತ್ತಾರೆ. ಆಮೇಲೆ ಕಾಲುನೋವು ಅನ್ನುತ್ತಾರೆ.

ಎರಕದ ಕಬ್ಬಿಣದ ಸ್ಟ್ಯಾಂಡ್ ಭಾರ, ಮಹಡಿ ಹತ್ತಿಸುವುದು ಕಷ್ಟ. ಆದರೂ ಅದೇ ಒಳ್ಳೆಯದು. ತಗಡಿನ ಸ್ಟ್ಯಾಂಡ್ ಜೋರಾಗಿ ತುಳಿದರೆ ನೆಲದ ಮೇಲೆ ಜರುಗುತ್ತದೆ, ನಟ್ಟು ಸಡಿಲಾಗುತ್ತಾ ಹೋಗುತ್ತದೆ. ಅಂಗಡಿಯಲ್ಲೇ ಬೆಲ್ಟ್ ಕಳಚಿಸಿ ಪೆಡಲ್ ತುಳಿದು ಕಾಲು ತೆಗೆಯಿರಿ. ದೊಡ್ಡ ಚಕ್ರ ತಾನೇ ಕೆಲವು ಸುತ್ತು ಹೊಡೆಯಬೇಕು. ತಕ್ಷಣ ನಿಂತರೆ ಪೆಡಲ್‌ನ ಎರಡು ತುದಿಯನ್ನು ಹಿಡಿದಿರುವ ಚೂಪು ಮೊನೆಯ ಕೋನ್ ಸ್ಕ್ರೂ ಬಿಗಿಯಾಗಿದೆ ಎಂದರ್ಥ, ಇಲ್ಲವೇ ಚಕ್ರದ ಅಚ್ಚು ಒಣಗಿದೆ. ಪೆಡಲ್ ಹಿಡಿದು ಅಡ್ಡಕ್ಕೆ ಅಲುಗಿಸಿ: ಲೊಡಲೊಡ ಅಂದರೆ ಅದೇ ಸ್ಕ್ರೂ ಸಡಿಲ. ಕಾಲು ಸುತ್ತು ಬಿಗಿ ಮಾಡಿ ಲಾಕ್ ನಟ್ ಕೂರಿಸಿದರೆ ಸರಿಯಾಗುತ್ತದೆ. ಹೆಡ್‌ನ ಪುಲ್ಲಿ ಮತ್ತು ಚಕ್ರದಲ್ಲಿ ಬೆಲ್ಟ್ ಕೂರುವ ತೋಡು ಒಂದೇ ನೇರಕ್ಕಿವೆಯೇ ಎಂದೂ ಮೇಲಿನಿಂದ ನೋಡಿ. ಇಲ್ಲದಿದ್ದರೆ ಬೆಲ್ಟ್ ಟೇಬಲ್‌ನ ತೂತಿನ ಅಂಚಿಗೆ ಉಜ್ಜಿ ಸವೆಯುತ್ತದೆ.

ಟೈಲರ್‌ಗಳು ಪೆಡಲ್ ಅನ್ನುತ್ತಾರೆ, ಮುದ್ರಣದವರು ಅಂಥದ್ದೇ ಕಾಲ್ಮೆಟ್ಟಿಗೆ ಇರುವ ಪ್ರೆಸ್ಸನ್ನು ಟ್ರೆಡಲ್ ಅನ್ನುತ್ತಾರೆ. ಪೆಡಲ್ ಲ್ಯಾಟಿನ್‌ನ ‘ಪಾದ’ ಎಂಬ ಅರ್ಥದ ಪದದಿಂದ ಬಂದು ಮೊದಲು ಆರ್ಗನ್ ವಾದ್ಯದ ಕಾಲ್ಕೀಲಿಗಳ ಹೆಸರಾಗಿತ್ತು, ಟ್ರೆಡಲ್ ಹಳೆಯ ಇಂಗ್ಲಿಷ್‌ನ ‘ತುಳಿ’ ಎಂಬ ಕ್ರಿಯಾಪದದಿಂದ ಬಂದದ್ದು. ಅಂಗಡಿಯಲ್ಲಿ ಪೆಡಲ್ ಅಂತಲೇ ಕೇಳಿ. ಆದರೆ ಬರೀ ಪೆಡಲ್ ಅಂದರೆ ಮೋಟರ್‌ನ ಪ್ಲಾಸ್ಟಿಕ್ ಕಾಲುಸ್ವಿಚ್ ತಂದಿಡುವವರೂ ಇದ್ದಾರೆ, ‘ಸ್ಟ್ಯಾಂಡ್ ಪೆಡಲ್’ ಎಂದು ಬಿಡಿಸಿ ಹೇಳಿ.

ಬೆಲ್ಟ್ ವಿಷಯದಲ್ಲೇ ಹೆಚ್ಚು ತಕರಾರು. ದುಂಡನೆಯ ಚರ್ಮದ ಬೆಲ್ಟ್, ದಪ್ಪ ಸುಮಾರು 5 ಮಿ.ಮೀ. ತೀರಾ ಬಿಗಿದರೆ ಪೆಡಲ್ ಭಾರವಾಗುತ್ತದೆ. ಸಡಿಲವಾದರೆ ಚಕ್ರ ತಿರುಗಿದರೂ ದಪ್ಪ ಬಟ್ಟೆಯಲ್ಲಿ ಸೂಜಿ ನಿಂತುಬಿಡುತ್ತದೆ. ನಡುವೆ ಬೆರಳಿನಿಂದ ಒತ್ತಿದಾಗ ಒಂದು ಸೆಂ.ಮೀ. ಒಳಗೆ ಹೋದರೆ ಸರಿ. ಚರ್ಮ ಬಳಸಿದಂತೆ ಹಿಗ್ಗುತ್ತದೆ. ಆಗ ಕಾಲಿಂಚು ಮಾತ್ರ ಕತ್ತರಿಸಿ, ದಬ್ಬಳದಿಂದ ಹೊಸ ತೂತು ಮಾಡಿ, ಎರಡು ತುದಿ ಸೇರಿಸುವ ಕ್ಲಿಪ್ ಹಾಕಿ ಪಕ್ಕಡಿನಲ್ಲಿ ಅದುಮಿ. ಒಮ್ಮೆಗೇ ಒಂದಿಂಚು ಕತ್ತರಿಸಿದರೆ ಹೊಸ ಬೆಲ್ಟೇ ಗತಿ. ಬೆಲ್ಟ್ ಒಂದು ಸುತ್ತು ಬಂದಾಗಲೆಲ್ಲ ‘ಟಿಕ್’ ಅಂದರೆ ಕ್ಲಿಪ್ಪಿನ ತುದಿ ಎದ್ದಿದೆ. ಪ್ರತಿ ತುಳಿತಕ್ಕೂ ‘ಟಕ್’ ಅಂದರೆ ಪೆಡಲ್‌ನಿಂದ ಚಕ್ರಕ್ಕೆ ಹೋಗುವ ರಾಡಿನ ಕೀಲು ಸವೆದಿದೆ.

ಹೊಸಬರಿಗೆ ದಾರ ಗಂಟಾಗುವುದು ಚಕ್ರ ಹಿಮ್ಮುಖ ತಿರುಗುವುದರಿಂದ. ರಾಡ್ ನೆಟ್ಟಗೆ ಮೇಲೆ ಅಥವಾ ಕೆಳಗೆ ನಿಂತಾಗ ಬರೀ ತುಳಿದರೆ ಚಕ್ರ ಏಳುವುದಿಲ್ಲ, ಎದ್ದರೂ ಯಾವ ಕಡೆ ತಿರುಗುತ್ತದೆಂದು ಹೇಳಲಾಗದು. ಅದಕ್ಕೇ ಬಲಗೈಯಿಂದ ಹೆಡ್ಡಿನ ಬಲತುದಿಯ ಹ್ಯಾಂಡ್‌ವ್ಹೀಲನ್ನು ತಮ್ಮ ಕಡೆಗೆ ಎಳೆದು ಶುರುಮಾಡಬೇಕು. ಬಲಗಾಲು ತುಸು ಮುಂದೆ, ಎಡಗಾಲು ಹಿಂದೆ. ಬೆರಳು ಒತ್ತಿದ ಮೇಲೆ ಹಿಮ್ಮಡಿ ಒತ್ತಬೇಕು. ಮೊದಲು ದಾರ ಹಾಕದೆ, ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫುಟ್ ಎತ್ತಿ ತುಳಿದು ಅಭ್ಯಾಸ ಮಾಡಿ, ಆಮೇಲೆ ಗೆರೆ ಹಾಕಿದ ಕಾಗದದ ಮೇಲೆ ಹೊಲಿಯಿರಿ. ಒಂದು ತುಳಿತಕ್ಕೆ ನಾಲ್ಕರ ಆಸುಪಾಸು ಹೊಲಿಗೆ ಬೀಳುತ್ತದೆ. ರವಿಕೆಯ ಕುತ್ತಿಗೆ ತಿರುವಿನಲ್ಲಿ ಒಂದೊಂದೇ ಹೊಲಿಗೆ ಹಾಕಿ ನಿಲ್ಲಿಸುವ ಹಿಡಿತ ಅಗ್ಗದ ಮೋಟರ್‌ನಲ್ಲಿ ಸಿಗುವುದು ಕಷ್ಟ.

ಎಣ್ಣೆ ಮಷಿನ್ ಎಣ್ಣೆಯೇ ಆಗಬೇಕು. ಕೊಬ್ಬರಿ ಎಣ್ಣೆ ಅಂಟಾಗಿ ಗಟ್ಟಿಯಾಗುತ್ತದೆ. ಹೆಡ್‌ಗೆ ಹಾಕಿದಾಗಲೆಲ್ಲ ಪೆಡಲ್‌ನ ಎರಡು ತುದಿ, ರಾಡಿನ ಎರಡು ಕೀಲು, ಚಕ್ರದ ಅಚ್ಚು, ಇಷ್ಟಕ್ಕೂ ಒಂದೊಂದು ಹನಿ ಬಿಡಿ. ಬೆಲ್ಟಿಗೆ ಮಾತ್ರ ತಾಗಿಸಬೇಡಿ, ಜಾರುತ್ತದೆ.

ಟೇಬಲ್‌ಗೆ ಮರವೇ ಇರಲಿ. ಪಾರ್ಟಿಕಲ್ ಬೋರ್ಡಿನಲ್ಲಿ ಹೆಡ್‌ನ ಹಿಂಜಿನ ಸ್ಕ್ರೂ ಹೆಚ್ಚು ದಿನ ಕೂರುವುದಿಲ್ಲ. ಚಕ್ರದ ಗಾರ್ಡ್ ಇಲ್ಲದ ಸ್ಟ್ಯಾಂಡ್ ಅಗ್ಗಕ್ಕೆ ಸಿಕ್ಕರೂ ಬೇಡ: ಸೀರೆಯ ನೆರಿಗೆ ಸೀದಾ ಬೆಲ್ಟಿನೊಳಕ್ಕೆ ಹೋಗುತ್ತದೆ.